ಕುತ್ತಿಗೆಯ ರಕ್ತನಾಳದ ಪ್ಲಾಕ್: ಕಂಪ್ಯೂಟರ್ ಅಳತೆಗೆ ಒಗ್ಗುವ ಅಲ್ಟ್ರಾಸೌಂಡ್ ಚಿತ್ರ ತೆಗೆಯುವ ಬಗೆ

"ಬಲಗಡೆ ಬಲ್ಬ್‌ನಲ್ಲಿ ಸಣ್ಣ ಪ್ಲಾಕ್ ಇದೆ, ರಕ್ತದ ಹರಿವಿಗೆ ಅಡ್ಡಿಯಿಲ್ಲ." ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳದ, ಅಂದರೆ ಕ್ಯಾರೋಟಿಡ್‌ನ, ಡಾಪ್ಲರ್ (ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡ್) ವರದಿಗಳಲ್ಲಿ ಎಷ್ಟೋ ಸಲ ಇಷ್ಟೇ ಇರುತ್ತದೆ. ಪ್ಲಾಕ್ ಎಂದರೆ ನಾಳದ ಗೋಡೆಯಲ್ಲಿ ಕಟ್ಟಿದ ಕೊಬ್ಬು, ನಾರು, ಸುಣ್ಣದ ದಪ್ಪ; ಬಲ್ಬ್ ಎಂದರೆ ನಾಳ ಕವಲೊಡೆಯುವಲ್ಲಿನ ಉಬ್ಬು. ಎಷ್ಟು ಮಿಲಿಮೀಟರ್ ದಪ್ಪ, ಎಷ್ಟು ಜಾಗ ಹಿಡಿದಿದೆ, ಚಿತ್ರದಲ್ಲಿ ಕಪ್ಪಗಿದೆಯೋ ಬೆಳ್ಳಗಿದೆಯೋ ಎಂಬುದು ಬರೆದಿರುವುದಿಲ್ಲ. ಅದೇ ರೋಗಿ ಎರಡು ವರ್ಷ ಬಿಟ್ಟು ಬಂದರೆ ಹೋಲಿಸಿ ನೋಡಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕಂಪ್ಯೂಟರ್ ವಿಶ್ಲೇಷಣೆ ಈ ಕೊರತೆಯನ್ನು ತುಂಬುತ್ತದೆ. ಆದರೆ ಅದು ಅಳೆಯುವುದು ನೀವು ಕೊಟ್ಟ ಚಿತ್ರವನ್ನು. ಗೇನ್, ಅಂದರೆ ಮಷಿನ್‌ನ ಹೊಳಪಿನ ಮಟ್ಟ, ತಪ್ಪಿದ ಚಿತ್ರ ಕೊಟ್ಟರೆ ತಪ್ಪು ಸಂಖ್ಯೆಯನ್ನೇ ಎರಡು ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕಿ ಕೊಡುತ್ತದೆ, ಓದಿದವರು ಅದನ್ನೇ ನಂಬುತ್ತಾರೆ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಚಿತ್ರ ತೆಗೆಯುವುದರ ಬಗ್ಗೆಯೇ ಇದೆ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಸ್ಕ್ಯಾನಿಂಗ್ ಮಾಡುವ ವೈದ್ಯರು, ಜಿಮ್ಸ್, ಬ್ರಿಮ್ಸ್, ಯಿಮ್ಸ್‌ನಂಥ ಕಾಲೇಜುಗಳಲ್ಲಿ ಕಲಿಯುತ್ತಿರುವ ರೆಸಿಡೆಂಟ್‌ಗಳು ಇದನ್ನು ಓದುತ್ತಾರೆ ಎಂದುಕೊಂಡು ಬರೆದಿದೆ. ದುಬಾರಿ ಸಾಫ್ಟ್‌ವೇರ್ ಇಲ್ಲದಿದ್ದರೂ ನಡೆಯುತ್ತದೆ. ಲೀನಿಯರ್ ಪ್ರೋಬ್, ಡೈಕಾಮ್ ಫೈಲ್ (ವೈದ್ಯಕೀಯ ಚಿತ್ರದ ಮೂಲ ಫೈಲ್) ಹೊರಗೆ ಕೊಡುವ ಮಷಿನ್ ಮತ್ತು ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಸಾಕು.

ಯಾರಿಗೆ ಮಾಡಬೇಕು, ಯಾರಿಗೆ ಬೇಡ

ಲಕ್ಷಣವಿಲ್ಲದ ಎಲ್ಲರ ಕುತ್ತಿಗೆಗೂ ಪ್ರೋಬ್ ಇಡುವುದರಿಂದ ಲಾಭವಿಲ್ಲ. ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2014ರಲ್ಲಿ ಕೊಟ್ಟ ಇದೇ ಸಲಹೆಯನ್ನು 2021ರಲ್ಲಿ ಮತ್ತೆ ಎತ್ತಿಹಿಡಿದಿದೆ. ಶುಗರ್, ಬಿಪಿ, ತಂಬಾಕು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರು ಇರುವುದು, ಇಂಥ ಕಾರಣಗಳಿದ್ದು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಶುರು ಮಾಡಬೇಕೋ ಬೇಡವೋ ಎಂಬ ಗೊಂದಲ ಇರುವವರಲ್ಲಿ ಪ್ಲಾಕ್ ಹುಡುಕುವುದು ಉಪಯುಕ್ತ. ಆಗಲೇ ಕಿರಿದಾದ ಕ್ಯಾರೋಟಿಡ್ ಇದೆ ಎಂದು ಗೊತ್ತಿರುವವರಲ್ಲಿ ಪ್ಲಾಕಿನ ಗುಣ ತಿಳಿಯುವುದೂ ಉಪಯುಕ್ತ.

ಲಕ್ವಾ ಹೊಡೆದ ಕೂಡಲೇ ಕರೆತಂದವರನ್ನು ಡಾಪ್ಲರ್ ಕೊಠಡಿಯ ಮುಂದೆ ಕೂಡಿಸಬಾರದು. ಅವರಿಗೆ ಮೊದಲು ಬೇಕಿರುವುದು ತಲೆಯ ಸಿಟಿ. ರಕ್ತದ ಗೆಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಹಳ್ಳಿಯಿಂದ 108ರಲ್ಲಿ ಬರುವಷ್ಟರಲ್ಲಿಯೇ ಅದರ ದೊಡ್ಡ ಪಾಲು ಕಳೆದಿರುತ್ತದೆ.

ಕಾನೂನಿನ ಒಂದು ಮಾತು. "ನಾವು ಕುತ್ತಿಗೆ ಮಾತ್ರ ನೋಡುತ್ತೇವೆ" ಎಂದ ಮಾತ್ರಕ್ಕೆ ಅಲ್ಟ್ರಾಸೌಂಡ್ ಮಷಿನ್‌ಗೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಿಂದ ವಿನಾಯಿತಿ ಸಿಗುವುದಿಲ್ಲ. ಮಷಿನ್ ನೋಂದಣಿಯಾಗಿರಬೇಕು. ನಿಯಮದಂತೆ ನೋಂದಾಯಿಸಿದ ಸಂಚಾರಿ ವೈದ್ಯಕೀಯ ಘಟಕವಲ್ಲದೆ, ಪೋರ್ಟಬಲ್ ಮಷಿನ್ ಎತ್ತಿಕೊಂಡು ಊರ ಜಾತ್ರೆಯ ಆರೋಗ್ಯ ಶಿಬಿರಕ್ಕೆ ಹೋಗುವಂತಿಲ್ಲ. ಉದ್ದೇಶ ಒಳ್ಳೆಯದೇ ಇದ್ದರೂ ಮಷಿನ್ ಸೀಲ್ ಆದೀತು.

ರೋಗಿಯನ್ನು ಮಲಗಿಸುವುದು

ಖಾಲಿ ಹೊಟ್ಟೆ ಬೇಕಿಲ್ಲ. ಬಾಯಲ್ಲಿ ಎಲೆ-ಅಡಿಕೆ ಅಥವಾ ಗುಟ್ಕಾ ಇದ್ದರೆ ಉಗುಳಿ, ಬಾಯಿ ತೊಳೆದು ಬರಲು ಹೇಳಿ. ಜೊಲ್ಲು ನುಂಗಿದಾಗಲೆಲ್ಲ ಗಂಟಲು ಮೇಲೆ ಕೆಳಗೆ ಜಿಗಿದು ಒಳ್ಳೆಯ ಫ್ರೇಮ್ ಕೈತಪ್ಪುತ್ತದೆ. ಕೊರಳಲ್ಲಿ ತಾಳಿ, ತಾಯಿತ, ಶಿವದಾರದಲ್ಲಿ ಕಟ್ಟಿದ ಕರಡಿಗೆ ಇದ್ದರೆ "ತೆಗೀರಿ" ಎನ್ನಬೇಡಿ. ಎದೆಯ ಕೆಳಕ್ಕೆ ಇಲ್ಲವೇ ಪಕ್ಕಕ್ಕೆ ಸರಿಸಿಕೊಂಡರೆ ಸಾಕು, ಪ್ರೋಬಿಗೆ ಬೇಕಾದಷ್ಟು ಜಾಗ ಸಿಗುತ್ತದೆ. ಐದು ನಿಮಿಷ ಸುಮ್ಮನೆ ಮಲಗಿಸಿ, ಬಿಪಿ ನೋಡಿ ಬರೆದಿಡಿ. ಮುಂದಿನ ಸಲ ಹೋಲಿಸುವಾಗ ಅದು ಬೇಕಾಗುತ್ತದೆ.

ತಲೆದಿಂಬು ತೆಗೆದು, ಮಡಚಿದ ಬೆಡ್‌ಶೀಟನ್ನು ಭುಜದ ಕೆಳಗೆ ಇಡಿ. ಗದ್ದ ಸ್ವಲ್ಪ ಮೇಲೆ, ಮುಖ ಎದುರು ದಿಕ್ಕಿಗೆ ಸುಮಾರು 45 ಡಿಗ್ರಿ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಕುತ್ತಿಗೆಯ ದೊಡ್ಡ ಸ್ನಾಯು ಬಿಗಿದು ನಾಳದ ಮೇಲೆ ಬಂದು ಕೂರುತ್ತದೆ. "ಯವ್ವಾ, ಮುಖ ಆ ಕಡಿ ಮಾಡ್ರಿ. ಈಗ ನುಂಗಬ್ಯಾಡ್ರಿ, ಮಾತಾಡಬ್ಯಾಡ್ರಿ. ಒಂದೀಟು ಉಸರು ಹಿಡೀರಿ" ಎಂದು ಮೊದಲೇ ಹೇಳಿಕೊಟ್ಟರೆ ಅರ್ಧ ಕೆಲಸ ಆದಂತೆ. ಬೀದರಿನ ಗಡಿಯಲ್ಲಿ ಮರಾಠಿ, ಗುರುಮಠಕಲ್ ಕಡೆ ತೆಲುಗು, ಎಲ್ಲ ಊರುಗಳಲ್ಲೂ ದಖನಿ ಉರ್ದು ಮಾತಾಡುವವರು ಬರುತ್ತಾರೆ. ಈ ಸೂಚನೆಗಳನ್ನು ನಾಲ್ಕೂ ಭಾಷೆಯಲ್ಲಿ ಕಲಿತಿಟ್ಟುಕೊಳ್ಳಿ.

ಪ್ರೋಬನ್ನು ಒತ್ತಬೇಡಿ. ಒತ್ತಿದರೆ ಪಕ್ಕದ ಜುಗುಲಾರ್ ಸಿರೆ ಮುಚ್ಚಿಕೊಳ್ಳುತ್ತದೆ, ನಾಳದ ಆಕಾರ ಬದಲಾಗುತ್ತದೆ. ವಯಸ್ಸಾದವರಲ್ಲಿ ಬಲ್ಬ್ ಮೇಲೆ ಒತ್ತಿದರೆ ನಾಡಿ ನಿಧಾನವಾಗಿ ತಲೆ ತಿರುಗಬಹುದು. ಸಿರೆ ದುಂಡಗೆ ತೆರೆದೇ ಕಾಣುತ್ತಿದ್ದರೆ ನಿಮ್ಮ ಕೈ ಹಗುರವಾಗಿದೆ ಎಂದರ್ಥ. ಹಾಗೆ ತೆರೆದಿರುವ ಸಿರೆಯ ಮೂಲಕ ನೋಡಿದರೆ ಕ್ಯಾರೋಟಿಡ್ ಇನ್ನೂ ಸ್ವಚ್ಛವಾಗಿ ಕಾಣುತ್ತದೆ.

ಮಷಿನ್‌ನ ಸೆಟ್ಟಿಂಗ್

ಬಿದರಿ ಹೂಜಿಯನ್ನು ಮಬ್ಬು ಬೆಳಕಿನಲ್ಲಿ ನೋಡಿದರೂ ಬಿಸಿಲಲ್ಲಿ ನೋಡಿದರೂ ಕಪ್ಪು ಮೈ ಯಾವುದು, ಬೆಳ್ಳಿ ಎಳೆ ಯಾವುದು ಎಂದು ಗೊತ್ತಾಗುತ್ತದೆ, ಏಕೆಂದರೆ ಎರಡೂ ಪಕ್ಕಪಕ್ಕದಲ್ಲಿವೆ. ಪ್ಲಾಕಿನ ಬೂದು ಬಣ್ಣ ಅಳೆಯುವುದೂ ಹೀಗೆಯೇ. ನಾಳದೊಳಗಿನ ರಕ್ತ ನಮ್ಮ ಕಪ್ಪು, ನಾಳದ ಹೊರಪದರವಾದ ಅಡ್ವೆಂಟಿಶಿಯಾ ನಮ್ಮ ಬೆಳ್ಳಿ. ಒಂದೇ ಚಿತ್ರದಲ್ಲಿ, ಪ್ಲಾಕಿನ ಪಕ್ಕದಲ್ಲೇ, ಇವೆರಡೂ ಸ್ಪಷ್ಟವಾಗಿ ಇರಬೇಕು. ಎಲ್ಲ ಸೆಟ್ಟಿಂಗ್‌ನ ಗುರಿಯೂ ಇದೇ.

ಪ್ರೋಬ್ 7 ಮೆಗಾಹರ್ಟ್ಸ್ ಅಥವಾ ಅದಕ್ಕೂ ಮೇಲೆ. ಡೆಪ್ತ್ 4 ಸೆಂಟಿಮೀಟರ್, ದಪ್ಪ ಕುತ್ತಿಗೆಗೆ 5. ಫೋಕಸ್ ನಾಳದ ದೂರದ (ಪ್ರೋಬಿನಿಂದ ಆಚೆಯ) ಗೋಡೆಯ ಮಟ್ಟಕ್ಕೆ. ಫ್ರೇಮ್ ರೇಟ್ ಸೆಕೆಂಡಿಗೆ 25ಕ್ಕಿಂತ ಹೆಚ್ಚು. ಡೈನಾಮಿಕ್ ರೇಂಜ್ ಮಷಿನ್ ಕೊಡುವಷ್ಟು ಅಗಲಕ್ಕೆ ಇಡಿ. ಕಿರಿದು ಮಾಡಿದರೆ ಚಿತ್ರ ಕಣ್ಣಿಗೆ ಚೆಂದ ಕಾಣುತ್ತದೆ, ಆದರೆ ನಡುವಿನ ಬೂದು ಛಾಯೆಗಳೆಲ್ಲ ಕಪ್ಪು-ಬಿಳುಪಾಗಿ ಒಡೆದುಹೋಗುತ್ತವೆ. ನಮಗೆ ಬೇಕಾದ ಮಾಹಿತಿ ಇರುವುದು ಆ ಛಾಯೆಗಳಲ್ಲೇ. ಪರ್ಸಿಸ್ಟೆನ್ಸ್ ಕಡಿಮೆ, ಪೋಸ್ಟ್-ಪ್ರೊಸೆಸಿಂಗ್ ಕರ್ವ್ ಲೀನಿಯರ್. ಚಿತ್ರವನ್ನು ನುಣುಪು ಮಾಡುವ, ಅಂಚು ಎದ್ದು ಕಾಣಿಸುವ ಬಟನ್‌ಗಳೆಲ್ಲ ಆಫ್.

ಒಂದೊಂದು ಆಳದ ಹೊಳಪನ್ನು ಬೇರೆಯಾಗಿ ಹೊಂದಿಸುವ ಟಿಜಿಸಿ ಗುಂಡಿಗಳನ್ನು ಚರ್ಮದಿಂದ ನಾಳದವರೆಗೆ ಓರೆಯಾಗಿ ಏರಿಸಿ, ನಾಳದೊಳಗಿನ ಮಟ್ಟದಲ್ಲಿ ಮಾತ್ರ ನೆಟ್ಟಗೆ ಒಂದರ ಕೆಳಗೊಂದು ಇಡಿ. ರಕ್ತ ಶಬ್ದತರಂಗವನ್ನು ಹೆಚ್ಚು ಹೀರಿಕೊಳ್ಳುವುದಿಲ್ಲ. ಅಲ್ಲಿಯೂ ಓರೆ ಏರಿಸಿದರೆ ದೂರದ ಗೋಡೆ ಇರುವುದಕ್ಕಿಂತ ಹೊಳೆಯುತ್ತದೆ. ಆಮೇಲೆ ಒಟ್ಟು ಗೇನನ್ನು ನಾಳದೊಳಗೆ ಮಂಜಿನಂಥ ಚುಕ್ಕೆ ಮೂಡುವವರೆಗೆ ಏರಿಸಿ, ಅದು ಮಾಯವಾಗುವಷ್ಟು ಮಾತ್ರ ಇಳಿಸಿ. ಇನ್ನೂ ಇಳಿಸಿದರೆ ಕಪ್ಪು ಪ್ಲಾಕ್ ರಕ್ತದ ಜೊತೆ ಬೆರೆತು ಕಾಣದಂತಾಗುತ್ತದೆ.

ಹೊಂದಿಸಿದ್ದನ್ನು ಮಷಿನ್‌ನಲ್ಲೇ ಬೇರೆ ಪ್ರೀಸೆಟ್ ಆಗಿ ಉಳಿಸಿ. ಥೈರಾಯ್ಡ್ ಪ್ರೀಸೆಟ್‌ನಲ್ಲಿ ಕ್ಯಾರೋಟಿಡ್ ಸ್ಕ್ಯಾನ್ ಮಾಡುವುದು ಬಹಳ ಕಡೆ ರೂಢಿಯಾಗಿದೆ. ಕಣ್ಣಳತೆಗೆ ಅದು ನಡೆದೀತು, ಬೂದು ಬಣ್ಣದ ಅಳತೆಗೆ ನಡೆಯುವುದಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ, ಹೊರಗೆ 42-43 ಡಿಗ್ರಿ ಇರುವಾಗ, ಎ.ಸಿ. ಕೈಕೊಟ್ಟರೆ ಮಷಿನ್ ಬಿಸಿಯಾಗಿ ತಾನೇ ಆಫ್ ಆಗಬಹುದು. ಎರೆಮಣ್ಣಿನ ಧೂಳು ಫಿಲ್ಟರ್‌ನಲ್ಲಿ ಬೇಗ ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ಬಿಚ್ಚಿ ಜಾಡಿಸಿ. ಕರೆಂಟ್ ಹೋಗಿ ಬಂದ ಮೇಲೆ ಮಷಿನ್ ಕಂಪನಿಯ ಮೂಲ ಸೆಟ್ಟಿಂಗ್‌ಗೆ ಮರಳಿದೆಯೇ ಎಂದು ನೋಡಿಕೊಳ್ಳದೆ ಮುಂದಿನ ರೋಗಿಯನ್ನು ಕರೆಯಬೇಡಿ.

ಪ್ಲಾಕ್ ಹುಡುಕುವುದು

ಮೊದಲು ಅಡ್ಡ ನೋಟ. ಕೊರಳಪಟ್ಟಿ ಎಲುಬಿನಿಂದ ದವಡೆಯ ಮೂಲೆಯವರೆಗೆ ನಿಧಾನವಾಗಿ ಮೇಲೇರಿ. ನಾಳ ಎರಡಾಗಿ ಕವಲೊಡೆಯುವ ಮುಂಚೆ ಉಬ್ಬಿರುವ ಭಾಗವೇ ಬಲ್ಬ್, ಪ್ಲಾಕ್ ಹೆಚ್ಚಾಗಿ ಕೂರುವುದು ಅಲ್ಲಿ ಮತ್ತು ಮೆದುಳಿಗೆ ಹೋಗುವ ಕವಲಾದ ಇಂಟರ್ನಲ್ ಕ್ಯಾರೋಟಿಡ್‌ನ ಬುಡದಲ್ಲಿ. ಕವಲುಗಳಲ್ಲಿ ಯಾವುದು ಯಾವುದೆಂದು ಅನುಮಾನ ಬಂದರೆ ಕಿವಿಯ ಮುಂದಿನ ನಾಡಿಯನ್ನು ಬೆರಳಿನಿಂದ ತಟ್ಟಿ. ಡಾಪ್ಲರ್ ಗೆರೆಯಲ್ಲಿ ಆ ತಟ್ಟು ಏರಿಳಿತವಾಗಿ ಮೂಡಿದರೆ ಅದು ಮುಖದ ಕಡೆಗೆ ಹೋಗುವ ಎಕ್ಸ್‌ಟರ್ನಲ್. ಕುತ್ತಿಗೆಯಲ್ಲಿ ಸಣ್ಣ ಕೊಂಬೆಗಳನ್ನು ಬಿಡುವುದೂ ಅದೇ.

ಆಮೇಲೆ ಉದ್ದ ನೋಟ, ಪ್ರತಿ ಕಡೆ ಮೂರು ಕೋನದಿಂದ: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಒಂದೇ ಕೋನದಿಂದ ನೋಡಿ "ಪ್ಲಾಕ್ ಇಲ್ಲ" ಎನ್ನುವುದೇ ಈ ಪರೀಕ್ಷೆಯ ಅತಿ ದೊಡ್ಡ ತಪ್ಪು. ಪ್ಲಾಕ್ ನಾಳದ ಸುತ್ತಲೂ ಸಮವಾಗಿ ಕಟ್ಟುವುದಿಲ್ಲ, ಒಂದು ಮಗ್ಗುಲಿಗೆ ಕೂರುತ್ತದೆ.

ಯಾವುದನ್ನು ಪ್ಲಾಕ್ ಎನ್ನಬೇಕು ಎಂಬುದಕ್ಕೆ ತಜ್ಞರ ಮ್ಯಾನ್‌ಹೈಮ್ ಒಮ್ಮತದ ವ್ಯಾಖ್ಯಾನ ಇದೆ. ನಾಳದ ಒಳಕ್ಕೆ ಕನಿಷ್ಠ 0.5 ಮಿ.ಮೀ. ಚಾಚಿರಬೇಕು, ಅಥವಾ ಸುತ್ತಲಿನ ಗೋಡೆಯ ದಪ್ಪಕ್ಕಿಂತ ಶೇ. 50ರಷ್ಟು ಹೆಚ್ಚಿರಬೇಕು, ಅಥವಾ ಒಟ್ಟು ದಪ್ಪ 1.5 ಮಿ.ಮೀ. ಮೀರಿರಬೇಕು. ದಪ್ಪ ಅಳೆಯುವಾಗ ಕ್ಯಾಲಿಪರ್ ಹೊರಗಿನ ಬಿಳಿ ಗೆರೆಯ ಒಳ ಅಂಚಿನಿಂದ ಶುರುವಾಗಿ, ರಕ್ತ ಮುಟ್ಟುವ ಅಂಚಿನಲ್ಲಿ ನಿಲ್ಲಬೇಕು. ಅಮೆರಿಕನ್ ಸೊಸೈಟಿ ಆಫ್ ಎಕೋಕಾರ್ಡಿಯಾಗ್ರಫಿಯ 2020ರ ಶಿಫಾರಸಿನಲ್ಲಿ ಪ್ಲಾಕಿನ ದಪ್ಪ 1.5 ಮಿ.ಮೀ.ಗಿಂತ ಕಡಿಮೆಯಿದ್ದರೆ ಗ್ರೇಡ್ 1, 1.5ರಿಂದ 2.4ರವರೆಗೆ ಗ್ರೇಡ್ 2, 2.5 ಮತ್ತು ಮೇಲ್ಪಟ್ಟು ಗ್ರೇಡ್ 3. ಬೇರೇನೂ ಅಳೆಯಲು ಸಮಯ ಇಲ್ಲದ ದಿನವೂ ಅತಿ ದಪ್ಪದ ಜಾಗದ ಈ ಒಂದು ಅಳತೆಯನ್ನು ಬಿಡಬೇಡಿ.

ಉದ್ದ ನೋಟದಲ್ಲಿ ಶಬ್ದತರಂಗ ಗೋಡೆಗೆ ನೇರ 90 ಡಿಗ್ರಿಯಲ್ಲಿ ಬೀಳಬೇಕು. ನಾಳ ಪರದೆಯ ಮೇಲೆ ಅಡ್ಡಡ್ಡ ಮಲಗಿದಂತಿದ್ದು, ದೂರದ ಗೋಡೆಯಲ್ಲಿ ಎರಡು ಬಿಳಿ ಗೆರೆ, ನಡುವೆ ಕಪ್ಪು ಪಟ್ಟಿ, ಶಹಾಬಾದ್ ಫರಸಿಯ ಪದರದಂತೆ ಬೇರೆಬೇರೆಯಾಗಿ ಕಾಣಬೇಕು. ಡಾಪ್ಲರ್‌ಗೆ ಬೇಕಾದದ್ದು ಇದರ ತದ್ವಿರುದ್ಧ: ಅಲ್ಲಿ ಹರಿವಿನ ಜೊತೆ ಕೋನ 60 ಡಿಗ್ರಿ ಅಥವಾ ಕಡಿಮೆ ಇರಬೇಕು. ಒಂದೇ ಫ್ರೇಮ್‌ನಲ್ಲಿ ಎರಡನ್ನೂ ಮುಗಿಸಲು ಹೋದರೆ ಎರಡೂ ಕೆಡುತ್ತವೆ. ಬೇರೆಬೇರೆಯಾಗಿಯೇ ತೆಗೆಯಿರಿ.

ಕಪ್ಪು ಪ್ಲಾಕ್ ತಪ್ಪಿಸಿಕೊಳ್ಳದಂತೆ ಒಮ್ಮೆ ಕಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್) ಹಾಕಿ ನೋಡಿ. ಗೋಡೆಯ ಪಕ್ಕ ಬಣ್ಣ ತುಂಬದ ಜಾಗ ಉಳಿದರೆ ಅಲ್ಲಿ ಏನೋ ಇದೆ. ಅದರ ಅಂಚನ್ನು ಕಲರ್ ಚಿತ್ರದಲ್ಲಿ ಗುರುತಿಸಿಕೊಂಡು, ಪ್ರೋಬ್ ಅಲುಗಿಸದೆ ಕಲರ್ ತೆಗೆದು ಬೂದು ಚಿತ್ರ ಉಳಿಸಿ. ಎರಡೂ ಫೈಲ್‌ನಲ್ಲಿರಲಿ.

ಪ್ರತಿ ಪ್ಲಾಕಿಗೂ 3ರಿಂದ 5 ಹೃದಯ ಬಡಿತದಷ್ಟು ಸಿನೆ ಲೂಪ್ (ಚಿಕ್ಕ ವಿಡಿಯೊ) ಡೈಕಾಮ್‌ನಲ್ಲಿ ಉಳಿಸಿ. ಇಸಿಜಿ ತಂತಿ ಇದ್ದರೆ ಆರ್ ಅಲೆಯ ಫ್ರೇಮ್ ಆರಿಸಿ. ಇಲ್ಲದಿದ್ದರೆ ನಾಳದ ವ್ಯಾಸ ಅತಿ ಕಡಿಮೆ ಕಾಣುವ ಫ್ರೇಮ್ ಹುಡುಕಿ. ಥರ್ಮಲ್ ಪ್ರಿಂಟ್, ಮೊಬೈಲಿನಲ್ಲಿ ತೆಗೆದ ಪರದೆಯ ಫೋಟೊ, ವಾಟ್ಸಾಪಿನಲ್ಲಿ ಬಂದ ಚಿತ್ರ ಇವು ಯಾವುವೂ ಅಳತೆಗೆ ಬಾರವು. ವಾಟ್ಸಾಪ್ ಚಿತ್ರವನ್ನು ಹಿಂಡಿ ಕಳಿಸುವುದರಿಂದ ಬೂದು ಬಣ್ಣದ ಸಂಖ್ಯೆಗಳೇ ಬದಲಾಗಿರುತ್ತವೆ.

ಗೋಡೆಯ ದಪ್ಪ, ಅಂದರೆ ಐಎಂಟಿ

ಬಹುತೇಕ ಮಷಿನ್‌ಗಳಲ್ಲಿ ಈ ಸಾಫ್ಟ್‌ವೇರ್ ಬಂದೇ ಇರುತ್ತದೆ, ಹಾಗಾಗಿ ಎಲ್ಲರೂ ಇದನ್ನೇ ಮೊದಲು ಒತ್ತುತ್ತಾರೆ. ಅಳೆಯುವುದು ಕವಲೊಡೆಯುವ ಮುಂಚಿನ ನಾಳವಾದ ಕಾಮನ್ ಕ್ಯಾರೋಟಿಡ್‌ನ ದೂರದ ಗೋಡೆಯಲ್ಲಿ, ಬಲ್ಬ್ ಶುರುವಾಗುವ ಜಾಗಕ್ಕಿಂತ ಕನಿಷ್ಠ 5 ಮಿ.ಮೀ. ಕೆಳಗೆ, ಪ್ಲಾಕ್ ಇಲ್ಲದ 10 ಮಿ.ಮೀ. ಉದ್ದದಲ್ಲಿ. ಹತ್ತಿರದ ಗೋಡೆ ಬೇಡ, ಅಲ್ಲಿಯ ಅಳತೆ ಗೇನ್‌ಗೆ ತಕ್ಕಂತೆ ಬದಲಾಗುತ್ತದೆ. ಸಾಫ್ಟ್‌ವೇರ್ ಎಳೆದ ಎರಡು ಗೆರೆಗಳನ್ನು ದೊಡ್ಡದು ಮಾಡಿ ನೋಡಿ. ಒಂದು ಕಡೆ ಗೆರೆ ಜಿಗಿದು ಬೇರೆ ಪದರ ಹಿಡಿದಿದ್ದರೂ ಸರಾಸರಿ ಹಾಳಾಗುತ್ತದೆ. ಮೂರು ಫ್ರೇಮ್‌ಗಳಲ್ಲಿ ಅಳೆದು ಸರಾಸರಿ ಬರೆಯಿರಿ.

ಈ ಸಂಖ್ಯೆಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಬೆಲೆ ಕೊಡುವುದು ಸರಿಯಲ್ಲ. ಅಮೆರಿಕದ ಹೃದ್ರೋಗ ಸಂಘಗಳ 2013ರ ಮಾರ್ಗಸೂಚಿ ಅಪಾಯ ಅಳೆಯಲು ಐಎಂಟಿಯನ್ನು ರೂಢಿಯಾಗಿ ಬಳಸಬೇಡಿ ಎಂದಿತು. ಗೋಡೆ ವರ್ಷಕ್ಕೆ ದಪ್ಪಗಾಗುವುದು ಸರಾಸರಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. 4 ಸೆಂ.ಮೀ. ಆಳ 600 ಪಿಕ್ಸೆಲ್‌ಗಳಲ್ಲಿ ಮೂಡಿದರೆ ಒಂದು ಪಿಕ್ಸೆಲ್ ಎಂದರೆ 0.067 ಮಿ.ಮೀ. ಹೋದ ವರ್ಷ 0.78 ಇದ್ದದ್ದು ಈ ವರ್ಷ 0.74 ಆಯಿತು, ಗುಳಿಗೆ ಕೆಲಸ ಮಾಡಿತು ಎಂದು ರೋಗಿಗೆ ಹೇಳುವುದಕ್ಕೆ ಆಧಾರವಿಲ್ಲ. ಪ್ಲಾಕಿನ ಅಳತೆ ಇದಕ್ಕಿಂತ ಹೆಚ್ಚು ಹೇಳುತ್ತದೆ.

ಪ್ಲಾಕಿನ ಬೂದು ಬಣ್ಣ ಅಳೆಯುವುದು

ಪ್ಲಾಕಿನೊಳಗೆ ಕೊಬ್ಬಿನ ತಿರುಳು ಅಥವಾ ರಕ್ತಸ್ರಾವ ಇದ್ದರೆ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ನಾರಿನಂಶ, ಸುಣ್ಣದಂಶ ಇದ್ದರೆ ಬೆಳ್ಳಗೆ. ಕಪ್ಪು ಪ್ಲಾಕ್ ಒಡೆಯುವ ಸಾಧ್ಯತೆ ಹೆಚ್ಚು, ಒಡೆದರೆ ಚೂರು ಮೆದುಳಿಗೆ ಹೋಗುತ್ತದೆ. ಪ್ಲಾಕಿನೊಳಗಿನ ಎಲ್ಲ ಪಿಕ್ಸೆಲ್‌ಗಳನ್ನು 0ರಿಂದ 255ರ ಅಳತೆಗೋಲಿನಲ್ಲಿ ಸಾಲಾಗಿ ಇಟ್ಟರೆ ಸರಿಯಾಗಿ ನಡುವೆ ಬರುವ ಸಂಖ್ಯೆಯೇ ಗ್ರೇ ಸ್ಕೇಲ್ ಮೀಡಿಯನ್, ಚಿಕ್ಕದಾಗಿ ಜಿಎಸ್‌ಎಂ. ಸರಾಸರಿ ಯಾಕೆ ಬೇಡ ಎಂದರೆ, ಒಂದು ಸುಣ್ಣದ ಚುಕ್ಕೆ ಇದ್ದರೂ ಸರಾಸರಿ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ.

ಹಸಿ ಸಂಖ್ಯೆಗೆ ಅರ್ಥವಿಲ್ಲ. ರಕ್ತ 0, ಅಡ್ವೆಂಟಿಶಿಯಾ 190 ಆಗುವಂತೆ ಇಡೀ ಚಿತ್ರವನ್ನು ಹೊಂದಿಸಿದ ಮೇಲೆಯೇ ಎರಡು ಮಷಿನ್‌ಗಳ, ಎರಡು ಊರುಗಳ ಅಳತೆಯನ್ನು ಹೋಲಿಸಬಹುದು. ಪ್ಲಾಕಿನ ಹಸಿ ಮೀಡಿಯನ್‌ನಿಂದ ರಕ್ತದ ಮೀಡಿಯನ್ ಕಳೆಯಿರಿ, 190ರಿಂದ ಗುಣಿಸಿ, ಅಡ್ವೆಂಟಿಶಿಯಾ ಮತ್ತು ರಕ್ತದ ವ್ಯತ್ಯಾಸದಿಂದ ಭಾಗಿಸಿ. ಕಾಗದದ ಮೇಲೂ ಮಾಡಬಹುದು. ಉದಾಹರಣೆಗೆ ಒಂದು ಚಿತ್ರದಲ್ಲಿ ರಕ್ತ 4, ಅಡ್ವೆಂಟಿಶಿಯಾ 152, ಪ್ಲಾಕ್ 41 ಇದೆ ಎನ್ನಿ. 37 ಗುಣಿಸು 190, ಭಾಗಿಸು 148: ಉತ್ತರ 47.5. ಅದೇ ಪ್ಲಾಕನ್ನು ಗೇನ್ ಏರಿಸಿ ತೆಗೆದಾಗ ರಕ್ತ 18, ಅಡ್ವೆಂಟಿಶಿಯಾ 214, ಪ್ಲಾಕ್ 67 ಬಂತು ಎನ್ನಿ. 49 ಗುಣಿಸು 190, ಭಾಗಿಸು 196: ಮತ್ತೆ 47.5. ಹಸಿ ಸಂಖ್ಯೆ 41 ಮತ್ತು 67, ಪ್ಲಾಕ್ ಒಂದೇ. ಆದರೆ ಗೇನ್ ವಿಪರೀತ ಏರಿ ಅಡ್ವೆಂಟಿಶಿಯಾ 255ಕ್ಕೆ ಮುಟ್ಟಿ ಅಂಟಿಕೊಂಡಿದ್ದರೆ ಈ ಲೆಕ್ಕ ಉಳಿಸುವುದಿಲ್ಲ, ಅದರ ನಿಜವಾದ ಹೊಳಪು ಕತ್ತರಿಸಿ ಹೋಗಿರುತ್ತದೆ. ಅಂಥ ಚಿತ್ರ ಬಿಟ್ಟು ಹೊಸದು ತೆಗೆಯಿರಿ.

ಉಚಿತವಾಗಿ ಸಿಗುವ ಇಮೇಜ್‌ಜೆ ಸಾಫ್ಟ್‌ವೇರ್‌ನಲ್ಲಿ ಕೆಲಸ ಹೀಗೆ ಸಾಗುತ್ತದೆ. ಡೈಕಾಮ್ ಫ್ರೇಮ್ ತೆರೆದು 8-ಬಿಟ್‌ಗೆ ಬದಲಿಸಿ. ಫೈಲ್ 16-ಬಿಟ್ ಇದ್ದರೆ "ಸ್ಕೇಲ್ ವೆನ್ ಕನ್ವರ್ಟಿಂಗ್" ಆಯ್ಕೆ ಹೊಳಪನ್ನು ತಾನೇ ಹಿಗ್ಗಿಸಿಬಿಡುತ್ತದೆ, ಅದರ ಮೇಲೆ ಕಣ್ಣಿರಲಿ. ಚಿತ್ರದ ಅಂಚಿನ ಸೆಂಟಿಮೀಟರ್ ಗುರುತುಗಳ ನಡುವೆ ನೇರ ಗೆರೆ ಎಳೆದು, ಅನಲೈಸ್ ಮೆನುವಿನ ಸೆಟ್ ಸ್ಕೇಲ್‌ನಲ್ಲಿ 10 ಮಿ.ಮೀ. ಎಂದು ಕೊಡಿ. ಸೆಟ್ ಮೆಷರ್‌ಮೆಂಟ್ಸ್‌ನಲ್ಲಿ ಏರಿಯಾ ಮತ್ತು ಮೀಡಿಯನ್‌ಗೆ ಟಿಕ್ ಮಾಡಿ.

ಈಗ ಮೂರು ಜಾಗ ಗುರುತಿಸಬೇಕು. ರಕ್ತಕ್ಕೆ, ನಾಳದೊಳಗೆ ಚುಕ್ಕೆ-ಮಂಜು ಇಲ್ಲದ, ಪ್ಲಾಕಿನ ಹತ್ತಿರದ ಒಂದು ತುಂಡು. ಅಡ್ವೆಂಟಿಶಿಯಾಕ್ಕೆ, ಪ್ಲಾಕಿನ ಆಳದಲ್ಲೇ ಇರುವ, ಅತಿ ಹೊಳಪಿನ ಬಿಳಿ ಪಟ್ಟಿಯ ನಡುಭಾಗ ಮಾತ್ರ, ಸುಮಾರು 2 ಮಿ.ಮೀ. ಉದ್ದ. ಪಟ್ಟಿಯ ಹೊರಗಿನ ಮಬ್ಬು ಅಂಚು ಸೇರಿಸಿಕೊಂಡರೆ ಮೀಡಿಯನ್ ಇಳಿದು, ಪ್ಲಾಕ್ ಇರುವುದಕ್ಕಿಂತ ಬೆಳ್ಳಗೆ ಎಂಬ ಉತ್ತರ ಬರುತ್ತದೆ. ಹೊಸಬರ ಕೈಯಲ್ಲಿ ಹೆಚ್ಚು ಆಗುವ ತಪ್ಪು ಇದೇ. ಕೊನೆಗೆ ಪ್ಲಾಕ್: ಪಾಲಿಗಾನ್ ಉಪಕರಣದಿಂದ ಸುತ್ತಲೂ ಗೆರೆ ಎಳೆಯಿರಿ, ಅಡ್ವೆಂಟಿಶಿಯಾ ಒಳಗೆ ಬರದಂತೆ, ರಕ್ತ ಒಳಗೆ ಬರದಂತೆ. ಮೂರನ್ನೂ ಇಮೇಜ್‌ಜೆಯ ಆರ್‌ಒಐ ಮ್ಯಾನೇಜರ್‌ನಲ್ಲಿ (ಗುರುತಿಸಿದ ಜಾಗಗಳ ಪಟ್ಟಿಯಲ್ಲಿ) ಉಳಿಸಿಡಿ, ಇನ್ನೊಬ್ಬರು ಪರೀಕ್ಷಿಸಬೇಕಾದರೆ ಅದು ಬೇಕು.

ಸುಣ್ಣಗಟ್ಟಿದ ಪ್ಲಾಕಿನ ಹಿಂದೆ ಕಪ್ಪು ನೆರಳು ಬೀಳುತ್ತದೆ. ನೆರಳು ಪ್ಲಾಕ್ ಅಲ್ಲ. ಅದನ್ನೂ ಸುತ್ತಿಕೊಂಡರೆ ಗಟ್ಟಿ ಸುಣ್ಣದ ಪ್ಲಾಕ್ ಅಪಾಯದ ಕಪ್ಪು ಪ್ಲಾಕ್ ಎಂದು ಲೆಕ್ಕಕ್ಕೆ ಬರುತ್ತದೆ. ನೆರಳು ಬಿಟ್ಟು ಉಳಿದದ್ದನ್ನು ಮಾತ್ರ ಅಳೆಯಿರಿ. ಉಳಿದದ್ದು ತೀರಾ ಕಡಿಮೆಯಿದ್ದರೆ "ಸುಣ್ಣದ ನೆರಳಿನಿಂದ ಅಳೆಯಲು ಬಾರದು" ಎಂದು ಬರೆಯಿರಿ. ಬೇರೆ ಕೋನದಿಂದ ನೋಡಿದರೆ ಕೆಲವೊಮ್ಮೆ ನೆರಳು ಪಕ್ಕಕ್ಕೆ ಸರಿಯುತ್ತದೆ, ಕೈಬಿಡುವ ಮುಂಚೆ ಅದನ್ನು ನೋಡಿ.

ಹೊಂದಿಸಿದ ಜಿಎಸ್‌ಎಂ 25ಕ್ಕಿಂತ ಕಡಿಮೆ ಬಂದರೆ ಎಚ್ಚರದ ಗುರುತು. 2004ರಲ್ಲಿ ಪ್ರಕಟವಾದ ಇಕಾರೋಸ್ ಅಧ್ಯಯನದಲ್ಲಿ ಜಿಎಸ್‌ಎಂ 25 ಅಥವಾ ಕಡಿಮೆ ಇದ್ದವರಿಗೆ ಕ್ಯಾರೋಟಿಡ್ ಸ್ಟೆಂಟ್ ಹಾಕುವಾಗ ಲಕ್ವಾ ಆಗುವ ಅಪಾಯ ಹೆಚ್ಚಿತ್ತು. ಸ್ಟೆಂಟ್‌ಗೆ ಕಳಿಸುವ ಮುಂಚೆ ಈ ಸಂಖ್ಯೆ ಕೈಯಲ್ಲಿದ್ದರೆ ಚಿಕಿತ್ಸೆ ಮಾಡುವವರಿಗೆ ನಿಜಕ್ಕೂ ನೆರವಾಗುತ್ತದೆ.

ರಕ್ತಕ್ಕೆ ತಾಗಿದ ಕಪ್ಪು ಜಾಗ

ಇಡೀ ಪ್ಲಾಕಿನ ಮೀಡಿಯನ್ 60 ಇದ್ದರೂ, ರಕ್ತಕ್ಕೆ ತಾಗಿದ ಕಡೆ ಒಂದು ದೊಡ್ಡ ಕಪ್ಪು ಕಲೆ ಇರಬಹುದು. ಮೀಡಿಯನ್ ಅದನ್ನು ಮುಚ್ಚಿಹಾಕುತ್ತದೆ. ಹಾಗಾಗಿ, ಮೇಲೆ ಬಿಳಿ ಹೊದಿಕೆ ಕಾಣದ, ನಾಳದ ಒಳಬದಿಗೆ ಅಂಟಿಕೊಂಡ, ಹೊಂದಿಸಿದ ಬೂದು ಮಟ್ಟ 25ಕ್ಕಿಂತ ಕಡಿಮೆ ಇರುವ ಜಾಗವನ್ನು ಬೇರೆಯಾಗಿ ಅಳೆಯಬೇಕು.

ಇದಕ್ಕೆ ಇಡೀ ಚಿತ್ರ ಬದಲಿಸಬೇಕಿಲ್ಲ. ಹೊಂದಿಸಿದ 25ಕ್ಕೆ ಸಮನಾದ ಹಸಿ ಸಂಖ್ಯೆ ಕಂಡುಹಿಡಿದರೆ ಸಾಕು: ಅಡ್ವೆಂಟಿಶಿಯಾ ಮತ್ತು ರಕ್ತದ ವ್ಯತ್ಯಾಸವನ್ನು 25ರಿಂದ ಗುಣಿಸಿ 190ರಿಂದ ಭಾಗಿಸಿ, ರಕ್ತದ ಸಂಖ್ಯೆ ಕೂಡಿಸಿ. ಮೇಲಿನ ಮೊದಲ ಚಿತ್ರಕ್ಕೆ ಅದು 23.5, ಎರಡನೆಯದಕ್ಕೆ 43.8. ಇಮೇಜ್‌ಜೆಯ ಥ್ರೆಶೋಲ್ಡ್‌ನಲ್ಲಿ 0ರಿಂದ ಆ ಸಂಖ್ಯೆಯವರೆಗೆ ಕೊಟ್ಟರೆ ಕಪ್ಪು ಜಾಗ ಬಣ್ಣದಲ್ಲಿ ತೋರುತ್ತದೆ, ಪ್ಲಾಕಿನ ಗೆರೆಯೊಳಗೆ ರಕ್ತಕ್ಕೆ ತಾಗಿದ ತುಂಡನ್ನು ಮಾತ್ರ ಅಳೆಯಿರಿ. ಮಿಲಿಮೀಟರಿಗೆ 15 ಪಿಕ್ಸೆಲ್ ಇರುವ ಚಿತ್ರದಲ್ಲಿ ಒಂದು ಚದರ ಮಿ.ಮೀ. ಎಂದರೆ 225 ಪಿಕ್ಸೆಲ್. ಸಾಫ್ಟ್‌ವೇರ್ ಕೊಟ್ಟ ಉತ್ತರವನ್ನು ಹೀಗೆ ಒಮ್ಮೆ ತಾಳೆ ನೋಡಿ. ಸೆಟ್ ಸ್ಕೇಲ್ ತಪ್ಪಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಲಕ್ಷಣವಿಲ್ಲದ ಕಿರಿದಾದ ಕ್ಯಾರೋಟಿಡ್ ಇದ್ದ 1,121 ಮಂದಿಯನ್ನು ಅನುಸರಿಸಿದ ಎಸಿಎಸ್‌ಆರ್‌ಎಸ್ ಅಧ್ಯಯನದಲ್ಲಿ ಈ ಕಪ್ಪು ಜಾಗ 4 ಚದರ ಮಿ.ಮೀ.ಗಿಂತ ಕಡಿಮೆ ಇದ್ದವರಲ್ಲಿ ವರ್ಷಕ್ಕೆ ಶೇ. 0.4ರಷ್ಟು ಲಕ್ವಾ ಕಂಡಿತು. 4ರಿಂದ 8ರವರೆಗೆ ಶೇ. 1.4, 8ರಿಂದ 10ರವರೆಗೆ ಶೇ. 3.2, 10 ಮೀರಿದರೆ ಶೇ. 5. ಅಂದರೆ 8 ಚದರ ಮಿ.ಮೀ. ದಾಟಿದರೆ ವರದಿಯಲ್ಲಿ ಎದ್ದು ಕಾಣುವಂತೆ ಬರೆಯಬೇಕು. ಆದರೆ ಗೇನ್ ಕಡಿಮೆಯಿದ್ದ ಚಿತ್ರದಲ್ಲಿ ಈ ಜಾಗ ಸುಳ್ಳೇ ಹಿಗ್ಗುತ್ತದೆ. ಎರಡನೇ ಕೋನದಿಂದಲೂ ಕಂಡರೆ ಮಾತ್ರ ನಂಬಿ.

ಪ್ಲಾಕಿನ ವಿಸ್ತೀರ್ಣ ಪಾಲಿಗಾನ್ ಎಳೆದಾಗಲೇ ಸಿಕ್ಕಿರುತ್ತದೆ. ಎರಡೂ ಕಡೆಯ ಎಲ್ಲ ಪ್ಲಾಕ್‌ಗಳ ಅತಿ ದೊಡ್ಡ ಉದ್ದ ನೋಟದ ವಿಸ್ತೀರ್ಣ ಕೂಡಿಸಿದರೆ ಒಟ್ಟು ಪ್ಲಾಕ್ ವಿಸ್ತೀರ್ಣ. ವರ್ಷದಿಂದ ವರ್ಷಕ್ಕೆ ಹೋಲಿಸಲು ಐಎಂಟಿಗಿಂತ ಇದು ಮೇಲು, ಏಕೆಂದರೆ ಪ್ಲಾಕ್ ನಾಳದ ಉದ್ದಕ್ಕೆ ಬೆಳೆಯುವಷ್ಟು ಬೇಗ ದಪ್ಪಕ್ಕೆ ಬೆಳೆಯುವುದಿಲ್ಲ.

ಕಿರಿದಾಗಿದೆಯೇ ಎಂದು ನೋಡುವುದು

ಬೂದು ಬಣ್ಣ ಅಳೆದೆವೆಂದು ಡಾಪ್ಲರ್ ಬಿಡುವಂತಿಲ್ಲ. 2003ರ ರೇಡಿಯಾಲಜಿ ಒಮ್ಮತದ ಪ್ರಕಾರ ಇಂಟರ್ನಲ್ ಕ್ಯಾರೋಟಿಡ್‌ನ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕಿರಿದಾಗಿರುವುದು ಶೇ. 50ರೊಳಗೆ, 125ರಿಂದ 230ರವರೆಗೆ ಶೇ. 50-69, 230 ಮೀರಿದರೆ ಶೇ. 70 ಅಥವಾ ಹೆಚ್ಚು. ಕಾಮನ್ ಕ್ಯಾರೋಟಿಡ್ ವೇಗದ ಜೊತೆಗಿನ ಅನುಪಾತ 4 ಮೀರುವುದೂ ಶೇ. 70ರ ಕಡೆಗೇ ಬೆರಳು ತೋರಿಸುತ್ತದೆ. ನಾಳ ಪೂರ್ತಿ ಮುಚ್ಚುವ ಹಂತಕ್ಕೆ ಬಂದಾಗ ವೇಗ ಮತ್ತೆ ಇಳಿದು ಮೋಸ ಮಾಡುತ್ತದೆ. ಒಳಗಿನ ದಾರಿ ಎಳೆಯಷ್ಟೇ ಕಂಡು ವೇಗ ಕಡಿಮೆಯಿದ್ದರೆ ಸಿಟಿ ಆಂಜಿಯೋಗ್ರಾಂ ಮಾಡಿಸಬೇಕು.

ತಾನೇ ಅಳೆಯುವ ಸಾಫ್ಟ್‌ವೇರ್ ಕೊಳ್ಳುವಾಗ

ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್‌ಗಳು ಪ್ಲಾಕಿನ ಅಂಚನ್ನು ತಾವೇ ಎಳೆಯುತ್ತವೆ. ಕೊಳ್ಳುವ ಮುಂಚೆ ಕೇಳಬೇಕಾದ್ದು: ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒದ ನೋಂದಣಿ ಇದೆಯೇ? ಚಿಕಿತ್ಸೆಗೆ ಬಳಸುವ ಸಾಫ್ಟ್‌ವೇರ್ ಕೂಡ ಭಾರತದಲ್ಲಿ ವೈದ್ಯಕೀಯ ಉಪಕರಣವೇ. ಎಳೆದ ಗೆರೆಯನ್ನು ಕೈಯಿಂದ ತಿದ್ದಲು ಬಿಡುತ್ತದೆಯೇ? ರಕ್ತ-ಅಡ್ವೆಂಟಿಶಿಯಾ ಹೊಂದಾಣಿಕೆ ಮಾಡುತ್ತದೆಯೋ, ಹಸಿ ಸಂಖ್ಯೆಯನ್ನೇ ಕೊಡುತ್ತದೆಯೋ? ಚಿತ್ರ ಇಲ್ಲೇ ಉಳಿಯುತ್ತದೆಯೋ, ಇಂಟರ್ನೆಟ್ ಮೂಲಕ ಬೇರೆಡೆಗೆ ಹೋಗುತ್ತದೆಯೋ? ಹೋಗುವುದಾದರೆ ಡೈಕಾಮ್ ಒಳಗಿನ ಹೆಸರು, ಊರು, ಫೋನ್ ಅಳಿಸಿಯೇ ಕಳಿಸಬೇಕು. ಕೊಳ್ಳುವ ಮುಂಚೆ ನಿಮ್ಮದೇ ಇಪ್ಪತ್ತು ಚಿತ್ರಗಳನ್ನು ಕೈಯಿಂದಲೂ ಅದರಿಂದಲೂ ಅಳೆದು ನೋಡಿ. ಕಪ್ಪು ಪ್ಲಾಕ್ ಮತ್ತು ನೆರಳಿರುವ ಪ್ಲಾಕ್ ಆ ಇಪ್ಪತ್ತರಲ್ಲಿ ಇರಲೇಬೇಕು, ಸಾಫ್ಟ್‌ವೇರ್ ಎಡವುವುದು ಅಲ್ಲೇ.

ವರದಿ ಮತ್ತು ರೋಗಿಯ ಜೊತೆ ಮಾತು

ವರದಿಯಲ್ಲಿ ಇರಬೇಕಾದ್ದು: ಯಾವ ಕಡೆ, ಯಾವ ನಾಳ, ಯಾವ ಗೋಡೆ, ಯಾವ ಕೋನ, ಅತಿ ಹೆಚ್ಚಿನ ದಪ್ಪ, ವಿಸ್ತೀರ್ಣ, ಹೊಂದಿಸಿದ ಜಿಎಸ್‌ಎಂ, ಕಪ್ಪು ಜಾಗ, ನೆರಳು ಇದೆಯೇ ಇಲ್ಲವೇ, ಡಾಪ್ಲರ್ ವೇಗ. ಹೊಂದಿಸುವ ಮುಂಚಿನ ರಕ್ತ ಮತ್ತು ಅಡ್ವೆಂಟಿಶಿಯಾದ ಹಸಿ ಸಂಖ್ಯೆಯನ್ನೂ ಬರೆಯಿರಿ. ಚಿತ್ರ ಎಷ್ಟು ನಂಬಲರ್ಹ ಎಂದು ಓದುವ ವೈದ್ಯರಿಗೆ ಅದರಿಂದ ತಿಳಿಯುತ್ತದೆ.

ಜಿಎಸ್‌ಎಂ ಒಂದನ್ನೇ ನೋಡಿ ಆಪರೇಷನ್ ನಿರ್ಧರಿಸುವುದಿಲ್ಲ. ಯುರೋಪಿನ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಘದ ಮಾರ್ಗಸೂಚಿ ಕಪ್ಪು ಪ್ಲಾಕ್, ದೊಡ್ಡ ಪ್ಲಾಕ್ ವಿಸ್ತೀರ್ಣ, ದೊಡ್ಡ ಕಪ್ಪು ಜಾಗ ಇವನ್ನು ಅಪಾಯ ಹೆಚ್ಚಿಸುವ ಗುರುತುಗಳ ಪಟ್ಟಿಯಲ್ಲಿ ಇಟ್ಟಿದೆ, ಅದೂ ಗಣನೀಯವಾಗಿ ಕಿರಿದಾಗಿರುವವರಲ್ಲಿ. ಆದರೆ ಒಂದು ಕಣ್ಣಿಗೆ ಕೆಲ ನಿಮಿಷ ಕತ್ತಲೆ ಕವಿದು ಹೋದದ್ದು, ಕೈ ಸೋತು ಮತ್ತೆ ಸರಿಯಾದದ್ದು, ಮಾತು ತೊದಲಿದ್ದು, ಇಂಥ ಕತೆ ಇದ್ದು ಅದೇ ಕಡೆ ಶೇ. 70 ಕಿರಿದಾಗಿದ್ದರೆ ಯಾವ ಸಂಖ್ಯೆಗೂ ಕಾಯಬೇಡಿ. ಲಕ್ಷಣ ಕಂಡ ಎರಡು ವಾರದೊಳಗೆ ಆಪರೇಷನ್ ಆದರೆ ಲಾಭ ಹೆಚ್ಚು. ಅದೇ ದಿನ ಫೋನ್ ಮಾಡಿ, ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ರಕ್ತನಾಳದ ಸರ್ಜನ್ ಸಿಗುವ ಕಡೆಗೆ ಕಳಿಸಿ.

ರೋಗಿ ಕೇಳುವುದು "ನರ ಬ್ಲಾಕ್ ಆಗ್ಯಾದೇನ್ರೀ ಸಾಹೇಬ್ರ?" ಎಂದು. ಬೋರಿನ ಗಡಸು ನೀರು ಪೈಪಿನೊಳಗೆ ಸುಣ್ಣ ಕಟ್ಟಿದ ಹಾಗೆ ಎನ್ನುವ ಹೋಲಿಕೆ ಎಲ್ಲರ ನಾಲಿಗೆ ಮೇಲಿದೆ, ಆದರೆ ಅದು ದಾರಿ ತಪ್ಪಿಸುತ್ತದೆ. ಪ್ಲಾಕ್ ಕಟ್ಟುವುದು ಗೋಡೆಯ ಒಳಪದರದಡಿ. ಹಾಗಾಗಿಯೇ ಅದನ್ನು ತೊಳೆದು ತೆಗೆಯುವ ಕಷಾಯ, ಲೇಹ್ಯ ಯಾವುದೂ ಇಲ್ಲ. ಗೋಡೆಗೆ ಹಚ್ಚಿದ ಗಿಲಾವಿನೊಳಗೆ ಮೆತ್ತನೆಯ ಗುಳ್ಳೆ ಇದ್ದಂತೆ, ಅದು ಒಡೆಯದಂತೆ ಗಟ್ಟಿ ಮಾಡುವ ಗುಳಿಗೆ ಸ್ಟ್ಯಾಟಿನ್ ಎಂದು ಹೇಳಿದರೆ ಹೆಚ್ಚು ಸರಿ. ಪರದೆಯ ಮೇಲೆ ಅವರದೇ ಪ್ಲಾಕ್ ತೋರಿಸಿ ತಂಬಾಕಿನ ಮಾತು ಎತ್ತಿ, ಬೇರೆ ಯಾವ ಹೊತ್ತಿಗಿಂತ ಆಗ ಚೆನ್ನಾಗಿ ಕಿವಿಗೊಡುತ್ತಾರೆ.

ಮುಂದಿನ ಸ್ಕ್ಯಾನ್ ಒಂದು ವರ್ಷಕ್ಕೆ ಮುಂಚೆ ಬೇಡ, ಕಿರಿದಾಗಿರುವುದು ಶೇ. 50 ಮೀರಿದ್ದರೆ ಮಾತ್ರ ಆರು ತಿಂಗಳಿಗೆ. ಅದೇ ಮಷಿನ್, ಅದೇ ಪ್ರೀಸೆಟ್, ಅದೇ ಕೋನ, ಸಾಧ್ಯವಾದರೆ ಅದೇ ಕೈ. ಹಳೆಯ ಚಿತ್ರವನ್ನು ಪಕ್ಕದ ಪರದೆಯಲ್ಲಿ ತೆರೆದಿಟ್ಟುಕೊಂಡು ಅದಕ್ಕೆ ಹೊಂದುವಂತೆ ಪ್ರೋಬ್ ಇಡಿ. ಡೈಕಾಮ್ ಫೈಲ್, ಮೂರು ಜಾಗದ ಗುರುತುಗಳು ಮತ್ತು ಸೆಟ್ಟಿಂಗ್‌ನ ಪಟ್ಟಿಯನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ, ಒಂದು ಮಷಿನ್ ಇರುವ ಕೊಠಡಿಯಿಂದ ಹೊರಗಿರಲಿ.